ಮಳೆಬೆಟ್ಟದ ಋಣ: ಜಪಾನಿನ ಓಯಾಮಾ ಯಾತ್ರೆಯನ್ನು ಕುರಿತು



ಟೋಕಿಯೋ ನಗರದ ನೈರುತ್ಯಕ್ಕೆ, ಕನಗಾವಾ ಪ್ರಾಂತ್ಯದ ಇಸೆಹಾರಾ ಪಟ್ಟಣದ ಬೆನ್ನಿಗೆ 1252 ಮೀಟರ್ ಎತ್ತರದ ಒಂದು ಬೆಟ್ಟವಿದೆ. ಹೆಸರು ಓಯಾಮಾ. ಮಳೆ ಸುರಿಸುವ ಬೆಟ್ಟವೆಂದು ಸುತ್ತಲಿನ ಬಯಲುಸೀಮೆಯವರು ಶತಮಾನಗಳಿಂದ ನಂಬಿಕೊಂಡು ಬಂದ ಈ ಬೆಟ್ಟದ ನೆತ್ತಿಯಲ್ಲೂ ನಡುವಿನಲ್ಲೂ ಅಫುರಿ ದೇವಾಲಯದ ಎರಡು ನೆಲೆಗಳಿವೆ. ರಜೆಯ ದಿನ ರಾಜಧಾನಿಯಿಂದ ರೈಲು ಹತ್ತಿ, ಬಸ್ಸು ಹಿಡಿದು, ಬೆನ್ನಿಗೆ ಚೀಲ ಬಿಗಿದು ಬರುವ ಚಾರಣಿಗರಿಗೆ ಇಲ್ಲಿ ಕೊರತೆಯಿಲ್ಲ. ಇಂಥ ಬೆಟ್ಟಗಳ ಮಾತು ಬಂದಾಗಲೆಲ್ಲ ಜಪಾನೀಯರು ಪ್ರಕೃತಿಯ ಆರಾಧಕರು, ಮರ ಕಲ್ಲು ನೀರಿನಲ್ಲಿ ದೇವರನ್ನು ಕಾಣುವವರು ಎಂಬ ವಿವರಣೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ, ಆದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಓಯಾಮಾದ ಇತಿಹಾಸವನ್ನು ಹತ್ತಿರದಿಂದ ನೋಡಿದರೆ, ಅಲ್ಲಿನ ಆರಾಧನೆಯನ್ನು ಹಿಡಿದು ನಿಲ್ಲಿಸಿದ್ದು ಪ್ರಕೃತಿಯ ಮುಂದೆ ಮನಸ್ಸು ತುಂಬಿ ಬರುವ ಭಾವಕ್ಕಿಂತ ಹೆಚ್ಚಾಗಿ ಒಂದು ಲೇವಾದೇವಿ. ಕೆಳಗಿನವರು ಮೇಲಿನಿಂದ ನೀರು ಪಡೆಯುತ್ತಾರೆ. ಆ ಋಣವನ್ನು ನಡಿಗೆಯಿಂದ, ಹಣದಿಂದ, ವ್ರತದಿಂದ, ದುಡಿಮೆಯಿಂದ ತೀರಿಸುತ್ತಾ ಹೋಗುತ್ತಾರೆ. ದೇವರ ಹೆಸರು ಬದಲಾದರೂ ಅರ್ಚಕರು ಬದಲಾದರೂ ಬೆಟ್ಟ ಪವಿತ್ರವಾಗಿ ಉಳಿದದ್ದು ಈ ಋಣದ ಬಲದಿಂದ ಎಂಬುದು ನನ್ನ ವಾದ.

ಮೊದಲು ಬೆಟ್ಟ ನಿಂತ ಜಾಗವನ್ನು ನೋಡೋಣ. ತಂಜಾವಾ ಪರ್ವತಸಾಲಿನ ಪೂರ್ವದ ಅಂಚಿನಲ್ಲಿ, ಸಗಾಮಿ ಬಯಲಿನ ಎದುರಿಗೆ, ಅಕ್ಕಪಕ್ಕದಲ್ಲಿ ಸರಿಸಮನಾದ ಶಿಖರವಿಲ್ಲದೆ ಓಯಾಮಾ ಎದ್ದು ನಿಂತಿದೆ. ದಕ್ಷಿಣಕ್ಕೆ ಸಗಾಮಿ ಕೊಲ್ಲಿ. ಬೇಸಗೆಯಲ್ಲಿ ಸಮುದ್ರದಿಂದ ಬೀಸುವ ತೇವದ ಗಾಳಿ ಈ ಇಳಿಜಾರಿಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿದು ಮೋಡವಾಗುತ್ತದೆ. ಬಯಲಿನಲ್ಲಿ ಬಿಸಿಲಿದ್ದಾಗಲೂ ನೆತ್ತಿಯ ಮೇಲೆ ಮೋಡ ಕೂರುವುದಕ್ಕೆ ಇದೇ ಕಾರಣ. ಕೆಳಗೆ ಗದ್ದೆಯಲ್ಲಿ ನಿಂತ ರೈತನಿಗೆ ಆ ಮೋಡ ನಾಳೆಯ ಮಳೆಯ ಮುನ್ಸೂಚನೆ. ಕೊಲ್ಲಿಯಲ್ಲಿ ದೋಣಿ ನಡೆಸುವ ಬೆಸ್ತನಿಗೆ ಅದೇ ಬೆಟ್ಟ ದಿಕ್ಕು ತೋರುವ ಗುರುತು. ಹಾಗಾಗಿ ರೈತರಂತೆ ಬೆಸ್ತರೂ ಅದಕ್ಕೆ ನಡೆದುಕೊಂಡರು. ಶಿಖರದಲ್ಲಿ ಒಂದು ಬೀಚ್ ಮರವನ್ನು ಮಳೆಮರವೆಂದು ಗುರುತಿಸುತ್ತಾರೆ. ಅದರ ಎಲೆಗಳಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತೆಂದು ಪ್ರತೀತಿ. ಮಂಜು ಕವಿಯುವ ಎತ್ತರದಲ್ಲಿ ಎಲೆಗಳು ಮಂಜಿನ ಹನಿಯನ್ನು ಹಿಡಿದು ನೆಲಕ್ಕೆ ಇಳಿಸುವುದು ಅರಣ್ಯ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಪ್ರತೀತಿಯನ್ನು ಕಟ್ಟಿದವರು ಬೆಟ್ಟವನ್ನು ಕಣ್ಣಿಟ್ಟು ನೋಡಿದವರೇ ಸರಿ.

ಈ ಪೂಜೆ ಎಷ್ಟು ಹಳೆಯದೆಂದು ಅಳೆಯುವಾಗ ಎಚ್ಚರ ಬೇಕು. 1960ರಲ್ಲಿ ಶಿಖರದಲ್ಲಿ ನಡೆದ ಉತ್ಖನನದಲ್ಲಿ ಇತಿಹಾಸಪೂರ್ವದ ಜೋಮೊನ್ ಯುಗದ ಮಡಕೆ ಚೂರುಗಳು ಸಿಕ್ಕವು. ಆದರೆ ಅವನ್ನು ಬಹಳ ನಂತರದ ಭಕ್ತರು ಮೇಲೆ ತಂದಿರಬಹುದೆಂಬ ಅನುಮಾನವೂ ಇದೆ. ಅಷ್ಟರಿಂದಲೇ ಸಾವಿರಾರು ವರ್ಷಗಳ ಅಖಂಡ ಪರಂಪರೆಯೆಂದು ಹಿಗ್ಗುವುದು ಸರಿಯಲ್ಲ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: 927ರಲ್ಲಿ ಪೂರ್ಣಗೊಂಡ ‘ಎಂಗಿಶಿಕಿ’ ಎಂಬ ರಾಜಶಾಸನ ಸಂಗ್ರಹದ ದೇವಾಲಯಗಳ ಪಟ್ಟಿಯಲ್ಲಿ ಅಫುರಿಯ ಹೆಸರಿದೆ, 755ರಲ್ಲಿ ರೋಬೆನ್ ಎಂಬ ಬೌದ್ಧ ಭಿಕ್ಷು ಇಲ್ಲಿ ಓಯಾಮಾದೆರಾ ವಿಹಾರವನ್ನು ಸ್ಥಾಪಿಸಿದನೆಂದು ಸ್ಥಳಪುರಾಣ ಹೇಳುತ್ತದೆ, ಕಾಮಾಕುರಾ ಯುಗದಲ್ಲಿ ಎರಕ ಹೊಯ್ದ, ಫುದೋ ಎಂಬ ಬೌದ್ಧ ದೇವತೆಯ ಕಬ್ಬಿಣದ ಮೂರ್ತಿ ಇಂದಿಗೂ ಅಲ್ಲಿ ಪೂಜೆಗೊಳ್ಳುತ್ತಿದೆ. ನನ್ನ ವಾದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಾಚೀನತೆ ಬೇಕಾಗಿಯೂ ಇಲ್ಲ.

ಮಳೆ ಬೇಡುವ ಆಚರಣೆಯ ಒಂದು ವಿವರವನ್ನು ನೋಡಿದರೆ ಋಣ ಎಂದು ನಾನು ಕರೆಯುತ್ತಿರುವುದು ಏನೆಂದು ಸ್ಪಷ್ಟವಾಗುತ್ತದೆ. ಬರ ಬಿದ್ದ ವರ್ಷ ಟೋಕಿಯೋ ಸುತ್ತಲಿನ ಕಾಂತೋ ಬಯಲಿನ ಹಳ್ಳಿಗಳವರು ಓಯಾಮಾದಂಥ ಬೆಟ್ಟಗಳಿಗೆ ಆಳುಗಳನ್ನು ಕಳಿಸುತ್ತಿದ್ದರು. ಅವರು ಜಲಪಾತದ ನೀರನ್ನು ಬಿದಿರಿನ ಕೊಳವೆಯಲ್ಲಿ ತುಂಬಿಕೊಂಡು ಊರಿಗೆ ಹೊರಡಬೇಕು. ದಾರಿಯಲ್ಲಿ ನಿಲ್ಲುವಂತಿಲ್ಲ, ಕೊಳವೆಯನ್ನು ನೆಲಕ್ಕೆ ತಾಗಿಸುವಂತಿಲ್ಲ. ನಿಂತರೆ ಮಳೆ ಅಲ್ಲೇ ಸುರಿದುಹೋಗುತ್ತದೆ, ಊರಿಗೆ ಸಿಗುವುದಿಲ್ಲ. ದೂರದ ಊರಾದರೆ ಕೈಯಿಂದ ಕೈಗೆ ದಾಟಿಸುತ್ತಾ ಓಡಬೇಕು. ಊರು ಮುಟ್ಟಿದ ಮೇಲೆ ಆ ನೀರನ್ನು ಊರದೇವರ ಮುಂದೆಯೋ ಗದ್ದೆಗೋ ಸುರಿಯುತ್ತಾರೆ. ಇಲ್ಲಿ ಮಳೆಯನ್ನು ಆಕಾಶದಿಂದ ಬೀಳುವ ಕೊಡುಗೆಯೆಂದು ಕೈಕಟ್ಟಿ ಕಾಯುವವರು ಯಾರೂ ಇಲ್ಲ. ಬೆಟ್ಟದಿಂದ ಊರಿನವರೆಗೆ ಪ್ರತಿ ಹೆಜ್ಜೆಯನ್ನೂ ಮನುಷ್ಯರೇ ಇಡಬೇಕು, ಒಬ್ಬನು ಸೋತರೆ ಇಡೀ ಊರಿನ ಪಾಲು ಹೋಗುತ್ತದೆ. ಈ ನಂಬಿಕೆಯಿಂದ ಮೋಡ ಕರಗುವುದಿಲ್ಲ ಎಂದು ವಿಜ್ಞಾನಿ ಹೇಳಿದರೆ ಒಪ್ಪಲೇಬೇಕು. ಆದರೆ ಬೆಟ್ಟದ ನೀರಿಗೂ ತಮ್ಮ ಅನ್ನಕ್ಕೂ ಇರುವ ನಂಟನ್ನು ಒಂದು ಸಮುದಾಯ ಮರೆಯದಂತೆ ಮಾಡುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು.

ಕನ್ನಡದವರಾದ ನಮಗೆ ಇಲ್ಲಿ ಒಂದು ನಿಜವಾದ ನಂಟಿದೆ. ಓಯಾಮಾದ ಫುದೋ ಎಂದರೆ ಭಾರತದ ತಾಂತ್ರಿಕ ಬೌದ್ಧ ಪರಂಪರೆಯ ಅಚಲನಾಥ. ಅವನ ಮುಂದೆ ಕಡ್ಡಿಗಳನ್ನು ಉರಿಸುವ ವಿಧಿ ನಮ್ಮ ಹೋಮದಿಂದ ಬಂದದ್ದು. ಇನ್ನೂ ಹತ್ತಿರದ್ದು ಋಷ್ಯಶೃಂಗನ ಕಥೆ. ಮಳೆಗಾಗಿ ಹರಕೆ ಹೊರುವ ಶೃಂಗೇರಿ ಬಳಿಯ ಕಿಗ್ಗದ ಋಷ್ಯಶೃಂಗೇಶ್ವರ ನಮಗೆಲ್ಲ ಗೊತ್ತು. ಅದೇ ಮುನಿ ಬೌದ್ಧ ಕಥೆಗಳ ಮೂಲಕ ಜಪಾನು ಸೇರಿ ಒಂಟಿಕೊಂಬಿನ ಸನ್ಯಾಸಿಯಾದ. ‘ಇಕ್ಕಾಕು ಸೆನ್ನಿನ್’ ಎಂಬ ನೋ ನಾಟಕವೂ, 1742ರಲ್ಲಿ ಒಸಾಕಾದಲ್ಲಿ ರಂಗಕ್ಕೆ ಬಂದ ಕಬುಕಿಯ ‘ನಾರುಕಾಮಿ’ ಪ್ರಸಂಗವೂ ಅವನ ಕಥೆಯೇ. ಜಪಾನಿನ ರೂಪದಲ್ಲಿ ಮುನಿ ನಾಗದೇವತೆಗಳನ್ನು ಗುಹೆಯಲ್ಲಿ ಕೂಡಿಹಾಕುತ್ತಾನೆ, ಅದರಿಂದ ನಾಡಿಗೆ ಬರ ಬರುತ್ತದೆ; ಒಬ್ಬ ಹೆಣ್ಣು ಬೆಟ್ಟ ಹತ್ತಿ ಅವನ ತಪಸ್ಸನ್ನು ಕೆಡಿಸಿದಾಗ ನಾಗಗಳು ಬಿಡುಗಡೆಯಾಗಿ ಮಳೆ ಸುರಿಯುತ್ತದೆ. ಮಹಾಭಾರತದಲ್ಲಿ ಮುನಿ ಅಂಗರಾಜ್ಯಕ್ಕೆ ಕಾಲಿಟ್ಟಾಗ ಮಳೆ ಬರುತ್ತದೆ. ವಿವರ ತಿರುವುಮುರುವಾದರೂ ಎರಡರಲ್ಲೂ ಬದಲಾಗದ್ದು ಒಂದು: ಬಯಲಿನ ದೊರೆಯ ಖಜಾನೆಯಲ್ಲಿ ಮಳೆಯಿಲ್ಲ, ಅವನು ಕಾಡಿಗೆ ಆಳು ಕಳಿಸಲೇಬೇಕು. ಈ ಕಥೆಗೂ ಓಯಾಮಾಕ್ಕೂ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಕೆಳಗಿನವರು ಮೇಲಿನವರಿಗೆ ಬಾಧ್ಯರು ಎಂಬ ತಿಳಿವಳಿಕೆ ಎಷ್ಟು ಸೀಮೆಗಳನ್ನು ದಾಟಿ ಬಾಳಿತು ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಎದೋ ಕಾಲಕ್ಕೆ, ಎಂದರೆ 17ರಿಂದ 19ನೇ ಶತಮಾನದ ನಡುವಿನವರೆಗೆ, ಈ ಬಾಧ್ಯತೆ ಬಹಳ ಬಿಗಿಯಾದ ಒಂದು ವ್ಯವಸ್ಥೆಯಾಗಿ ಬೆಳೆಯಿತು. ಇಂದಿನ ಟೋಕಿಯೋ ಆಗಿನ ಎದೋ. ಹತ್ತು ಲಕ್ಷ ಜನರ ಆ ನಗರದಿಂದ ಬೆಟ್ಟಕ್ಕೆ ಸುಮಾರು 70 ಕಿಲೋಮೀಟರ್. ಬಡಗಿಗಳು, ಬೆಂಕಿ ಆರಿಸುವವರು, ಮೀನು ವ್ಯಾಪಾರಿಗಳು ತಮ್ಮತಮ್ಮ ಕೇರಿಯಲ್ಲೋ ಕಸುಬಿನಲ್ಲೋ ‘ಕೋ’ ಎಂಬ ಭಕ್ತಕೂಟ ಕಟ್ಟಿಕೊಂಡು, ನಮ್ಮಲ್ಲಿ ಚೀಟಿ ಕಟ್ಟುವ ಹಾಗೆ ಹಣ ಕೂಡಿಸಿ, ಗುಂಪಾಗಿಯೋ ಪಾಳಿಯ ಮೇಲೆ ಪ್ರತಿನಿಧಿಗಳಾಗಿಯೋ ಹೋಗಿಬರುತ್ತಿದ್ದರು. 18ನೇ ಶತಮಾನದ ನಡುವೆ, ಹೋರೆಕಿ ವರ್ಷಗಳಲ್ಲಿ, ಒಂದೇ ವರ್ಷಕ್ಕೆ 2 ಲಕ್ಷ ಜನ ಬರುತ್ತಿದ್ದರೆಂಬ ಅಂದಾಜಿದೆ. ಬೆಟ್ಟದ ಬುಡದಲ್ಲಿ ‘ಓಶಿ’ ಎಂಬ ಮಾರ್ಗದರ್ಶಿ ಪೂಜಾರಿಗಳ ಮನೆಗಳಿದ್ದವು. ಯಾವ ಊರಿನ ಯಾವ ಕೂಟ ತಮ್ಮ ಮನೆಗೆ ಸೇರಿದ್ದು ಎಂಬ ಲೆಕ್ಕವನ್ನು ಅವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು; ಯಾತ್ರೆಯ ಕಾಲವಲ್ಲದಾಗ ತಾವೇ ಊರೂರು ಸುತ್ತಿ ರಕ್ಷೆಯ ಚೀಟಿಗಳನ್ನು ಹಂಚಿ ಕಾಣಿಕೆ ತರುತ್ತಿದ್ದರು. ಕಾಣಿಕೆಯಾಗಿ ಬಂದ ಸೋಯಾ ಕಾಳನ್ನು ಬೆಟ್ಟದ ತಿಳಿನೀರಿನಲ್ಲಿ ತೋಫು ಮಾಡಿ ಯಾತ್ರಿಕರಿಗೆ ಬಡಿಸಿದ್ದರಿಂದಲೇ ತೋಫು ಅಡುಗೆ ಅಲ್ಲಿ ಹೆಸರಾಯಿತೆಂದು ಊರವರ ವಿವರಣೆ. ಬಯಲಿನ ಕಾಳು ಮೇಲೆ ಹೋಗಿ ಬೆಟ್ಟದ ನೀರಿನೊಡನೆ ಕೂಡಿ ಬಯಲಿನವರ ಎಲೆಗೇ ಬರುವ ಈ ಸುತ್ತಿಗಿಂತ ನೇರವಾದ ಸಾಕ್ಷ್ಯ ನನ್ನ ವಾದಕ್ಕೆ ಬೇಕಿಲ್ಲ.

ಶಿಖರಕ್ಕೆ ಮನಬಂದಾಗ ಹೋಗುವಂತಿರಲಿಲ್ಲ. ಹಳೆಯ ಚಾಂದ್ರಮಾನದ ಆರನೆಯ ತಿಂಗಳ 27ರಿಂದ ಏಳನೆಯ ತಿಂಗಳ 17ರವರೆಗೆ, ಮೂರು ವಾರವಷ್ಟೇ, ನೆತ್ತಿಯ ದಾರಿ ತೆರೆದಿರುತ್ತಿತ್ತು. ಆ ಬಾಗಿಲನ್ನು ತೆರೆಯುವ ಹಕ್ಕು ಇದ್ದದ್ದು ಎದೋ ನಗರದ ನಿಹೊನ್‌ಬಾಶಿ ಕೊದೆನ್ಮಾಚೋ ಕೇರಿಯ ಒಂದು ಭಕ್ತಕೂಟಕ್ಕೆ. ಇಂದಿಗೂ ಜುಲೈ 27ರಂದು ಆ ಕೂಟದವರೇ ಬಂದು ಬಾಗಿಲು ತೆರೆಯುತ್ತಾರೆ. ಬೆಟ್ಟದ ಬಾಗಿಲು ಬೆಟ್ಟದ ಪೂಜಾರಿಯ ಕೈಯಲ್ಲಿ ಅಲ್ಲ, ಎಪ್ಪತ್ತು ಕಿಲೋಮೀಟರ್ ದೂರದ ಪೇಟೆಬೀದಿಯವರ ಕೈಯಲ್ಲಿ ಎಂಬುದನ್ನು ನಾವು ಗಮನಿಸಬೇಕು. ಯಾತ್ರಿಕರು ಹತ್ತುವ ಮೊದಲು ಜಲಪಾತದಡಿ ನಿಂತು ಮೈ ತೊಳೆದುಕೊಳ್ಳುತ್ತಿದ್ದರು. ಉದ್ದನೆಯ ಮರದ ಕತ್ತಿಗಳನ್ನು ಹೊತ್ತು ತಂದು ದೇವರಿಗೆ ಒಪ್ಪಿಸುತ್ತಿದ್ದರು. ಚಿತ್ರಕಾರ ಹೊಕುಸಾಯ್ 1833ರ ಸುಮಾರಿಗೆ ರಚಿಸಿದ ಜಲಪಾತಗಳ ಚಿತ್ರಮಾಲೆಯಲ್ಲಿ ಓಯಾಮಾದ ರೋಬೆನ್ ಜಲಪಾತವೂ ಒಂದು. ಆ ಚಿತ್ರದಲ್ಲಿ ನೀರು ಬೀಳುವ ಜಾಗದ ತುಂಬ ಬರಿಮೈ ಗಂಡಸರು ಕಿಕ್ಕಿರಿದಿದ್ದಾರೆ, ಅವರ ನಡುವೆ ಮರದ ಕತ್ತಿಯೂ ಇದೆ. ಪ್ರಕೃತಿಯ ಏಕಾಂತವನ್ನು ಹುಡುಕುವವರಿಗೆ ಆ ಚಿತ್ರದಲ್ಲಿ ಏನೂ ಸಿಗುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ಈ ಯಾತ್ರೆ ಭಕ್ತಿಯ ಹೆಸರಿನ ವಿಹಾರವಾಗಿತ್ತಲ್ಲವೇ? ಹಾಗೆನ್ನುವವರ ಬಳಿ ಸಾಕಷ್ಟು ಪುರಾವೆಯಿದೆ. ಮರಳುವ ದಾರಿಯಲ್ಲಿ ಫುಜಿಸಾವಾ, ಎನೋಶಿಮಾಗಳ ಕಡೆ ಸುತ್ತಿ ಊಟ, ಕುಡಿತ, ಮೋಜು ಮುಗಿಸಿಕೊಂಡು ಬರುವುದು ವಾಡಿಕೆಯಾಗಿತ್ತು. ನಗರದಲ್ಲಿ ಅರ್ಧವರ್ಷದ ಲೆಕ್ಕ ಚುಕ್ತಾ ಮಾಡುವ ದಿನಗಳೂ ಯಾತ್ರೆಯ ಕೊನೆಯ ದಿನಗಳೂ ಒಂದೇ ಸಮಯಕ್ಕೆ ಬೀಳುತ್ತಿದ್ದುದರಿಂದ, ಸಾಲ ಕೊಟ್ಟವರ ಕಣ್ಣು ತಪ್ಪಿಸಲು ಬೆಟ್ಟಕ್ಕೆ ಓಡುವವರೂ ಇದ್ದರು. ‘ಓಯಾಮಾ ಮಾಯಿರಿ’ ಎಂಬ ಹೆಸರಾಂತ ರಾಕುಗೋ ಹಾಸ್ಯಕಥೆಯಲ್ಲಿ ಒಂದೇ ವಠಾರದ ಗಂಡಸರು ಯಾತ್ರೆ ಹೊರಡುತ್ತಾರೆ, ಕುಡಿದು ರಂಪ ಮಾಡಿದವನೊಬ್ಬನ ತಲೆ ಬೋಳಿಸುತ್ತಾರೆ. ಇಷ್ಟನ್ನೂ ಒಪ್ಪಿಕೊಂಡ ಮೇಲೂ ಆಕ್ಷೇಪ ನಿಲ್ಲುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಯಾತ್ರೆಯಲ್ಲಿ ಸಂತೋಷವಿದ್ದರೆ ಭಕ್ತಿ ಸುಳ್ಳಾಗಬೇಕು ಎಂಬ ನಿಯಮವನ್ನು ಮಾಡಿದವರು ಯಾರು? ಅದೇ ರಾಕುಗೋ ಕಥೆಯನ್ನೇ ನೋಡಿ. ಹೊರಡುವ ಮುನ್ನ ಅವರು ಮಾಡಿಕೊಂಡ ಕಟ್ಟುಪಾಡು ಏನು? ಸಿಟ್ಟಾದವನು ದಂಡ ಕೊಡಬೇಕು, ಜಗಳ ಮಾಡಿದವನ ತಲೆ ಬೋಳಿಸಬೇಕು. ಬೆಟ್ಟದ ದಾರಿಯಲ್ಲಿ ನಡತೆ ಬೇರೆಯಾಗಿರಬೇಕು, ತಪ್ಪಿದರೆ ಕೂಟವೇ ಶಿಕ್ಷಿಸುತ್ತದೆ ಎಂಬ ತಿಳಿವಳಿಕೆ ಕೇಳುಗರಲ್ಲಿ ಇಲ್ಲದಿದ್ದರೆ ಆ ಹಾಸ್ಯಕ್ಕೆ ನೆಲೆಯೇ ಇರುತ್ತಿರಲಿಲ್ಲ. ಬಾಧ್ಯತೆ ಒಂಟಿ ಭಕ್ತನ ಮನಸ್ಸಿನ ಶುದ್ಧಿಯನ್ನು ನಂಬಿ ನಿಂತಿರಲಿಲ್ಲ. ಕೂಡಿಟ್ಟ ಹಣ, ಪಾಳಿ, ದಂಡ ಇವು ಅದನ್ನು ಹೊತ್ತಿದ್ದವು. ಮನಸ್ಸು ಚಂಚಲವಾದ ವರ್ಷವೂ ಯಾತ್ರೆ ನಿಲ್ಲದೆ ನಡೆದದ್ದು ಅದರಿಂದಲೇ.

ಎರಡನೆಯ ಆಕ್ಷೇಪ ಇತಿಹಾಸಕಾರರದ್ದು, ಇನ್ನೂ ಗಂಭೀರವಾದದ್ದು. ಇಂದು ಓಯಾಮಾದಲ್ಲಿ ಕಾಣುವ ಶಿಂತೋ ದೇವಾಲಯ ಪ್ರಾಚೀನವಲ್ಲ, ಎದೋ ಆಡಳಿತದ ನಂತರ ಬಂದ ಮೇಯ್ಜಿ ಸರ್ಕಾರ ಕಟ್ಟಿದ್ದು ಎನ್ನುತ್ತಾರೆ ಅವರು. ಇದು ನಿಜ. 1868ಕ್ಕೆ ಮೊದಲು ಬೆಟ್ಟದಲ್ಲಿ ಬುದ್ಧನೂ ಶಿಂತೋ ದೇವರಾದ ಕಾಮಿಯೂ ಬೇರೆಬೇರೆಯಾಗಿರಲಿಲ್ಲ. ಶಿಖರದ ಬಂಡೆಯಲ್ಲಿ ನೆಲೆಸಿದ ದೇವರನ್ನು ಸೆಕಿಸೊನ್ ಎಂದು ಕರೆದು, ಬೋಧಿಸತ್ವನ ಅವತಾರವೆಂದು ಪೂಜಿಸುತ್ತಿದ್ದರು. ನಡುಬೆಟ್ಟದಲ್ಲಿ ಫುದೋ ಮಂದಿರವಿತ್ತು. ಹೊಸ ಸರ್ಕಾರ ಎರಡನ್ನೂ ಬೇರ್ಪಡಿಸಬೇಕೆಂದು ಆಜ್ಞೆ ಹೊರಡಿಸಿತು. ಫುದೋ ಮಂದಿರ ಹೋಯಿತು, ಆ ಜಾಗದಲ್ಲಿ ಈಗ ಅಫುರಿಯ ಕೆಳದೇವಾಲಯವಿದೆ. ಕಬ್ಬಿಣದ ಮೂರ್ತಿಗೆ ಇನ್ನೂ ಕೆಳಗೆ 1885ರಲ್ಲಿ ಬೇರೆ ಮಂದಿರ ಎದ್ದಿತು. ಶಿಖರದ ದೇವರಿಗೆ ಓಯಾಮಾತ್ಸುಮಿ ಎಂಬ ಪುರಾಣದ ಹೆಸರು ಬಂತು, ಜೊತೆಗೆ ಮಳೆಗೂ ಗುಡುಗಿಗೂ ಸೇರಿದ ದೇವತೆಗಳ ಹೆಸರೂ ಬಂತು. 1872ರಲ್ಲಿ ಸರ್ಕಾರ ಪರ್ವತ ತಪಸ್ವಿಗಳ ಶುಗೆಂದೋ ಪಂಥವನ್ನೇ ನಿಷೇಧಿಸಿತು. ಓಶಿಗಳು ಹೊಸ ಪದನಾಮದೊಂದಿಗೆ ದೇವಾಲಯದ ಮಾರ್ಗದರ್ಶಿಗಳಾದರು. ಇಷ್ಟು ದೊಡ್ಡ ಒಡಕಿನ ನಂತರ ಅಖಂಡ ಪ್ರಕೃತಿಪೂಜೆಯ ಮಾತು ಆಡುವುದು ಕಷ್ಟ, ಆ ಮಾತನ್ನು ನಾನು ಆಡುವುದೂ ಇಲ್ಲ. ಆದರೆ ಇದೇ ಒಡಕು ನನ್ನ ವಾದವನ್ನು ಪರೀಕ್ಷೆಗೂ ಒಡ್ಡುತ್ತದೆ. ಬೆಟ್ಟದ ಪಾವಿತ್ರ್ಯ ಸಿದ್ಧಾಂತದ ಮೇಲೆ ನಿಂತಿದ್ದರೆ ಸಿದ್ಧಾಂತ ಕಿತ್ತುಹೋದಾಗ ಅದೂ ಬೀಳಬೇಕಿತ್ತು. ಬೀಳಲಿಲ್ಲ. ಕೂಟಗಳು ಅದೇ ಮನೆಗಳಿಗೆ ಬಂದವು, ಅದೇ ಕೇರಿಯವರು ಬಾಗಿಲು ತೆರೆದರು, ಅದೇ ನೀರಿಗೆ ಕೈ ಮುಗಿದರು. ಪೂಜೆಗೊಳ್ಳುವ ದೇವರು ಯಾರೆಂಬುದಕ್ಕಿಂತ ಬಯಲಿಗೂ ಬೆಟ್ಟಕ್ಕೂ ಇರುವ ಸಂಬಂಧ ಗಟ್ಟಿಯಾಗಿತ್ತು ಎಂದಲ್ಲದೆ ಇದನ್ನು ಬೇರೆ ಹೇಗೆ ವಿವರಿಸುವುದು?

ಈ ಸಂಬಂಧವನ್ನು ಹೊಗಳುವಾಗ ಅದರ ಅನ್ಯಾಯವನ್ನು ಮುಚ್ಚಿಡಬಾರದು. ಎದೋ ಕಾಲದಲ್ಲಿ ಹೆಂಗಸರು ಶಿಖರಕ್ಕೆ ಹೋಗುವಂತಿರಲಿಲ್ಲ. ಗದ್ದೆಯಲ್ಲಿ ನಾಟಿ ಮಾಡುವವರು, ಮಳೆ ಬಾರದಿದ್ದರೆ ಮೊದಲು ಹಸಿಯುವವರು ಅವರೇ ಆಗಿದ್ದರೂ ಬೆಟ್ಟದ ಋಣ ತೀರಿಸುವ ಹಕ್ಕು ಅವರಿಗಿರಲಿಲ್ಲ. 1872ರ ಇನ್ನೊಂದು ಸರ್ಕಾರಿ ಆಜ್ಞೆ ಪುಣ್ಯಕ್ಷೇತ್ರಗಳಲ್ಲಿ ಈ ನಿಷೇಧವನ್ನು ತೆಗೆದುಹಾಕಿತು. ಆದರೂ ನಾರಾ ಪ್ರಾಂತ್ಯದ ಓಮಿನೆ ಬೆಟ್ಟದಲ್ಲಿ ಅದು ಇವತ್ತಿಗೂ ಉಳಿದಿದೆ. ಶುಗೆಂದೋವನ್ನು ಮುರಿದ ಸರ್ಕಾರವೇ ಹೆಂಗಸರಿಗೆ ದಾರಿ ಬಿಟ್ಟಿತು ಎಂಬ ಸತ್ಯವನ್ನು ಪರಂಪರೆಯ ಪಕ್ಷಪಾತಿಗಳು ನುಂಗಿಕೊಳ್ಳಲೇಬೇಕು. ಇಂದು ಓಯಾಮಾದ ಮೆಟ್ಟಿಲುಗಳಲ್ಲಿ ಹೆಂಗಸರೂ ಗಂಡಸರಷ್ಟೇ ಸಹಜವಾಗಿ ಏರುತ್ತಾರೆ. ಅದರಿಂದ ಬೆಟ್ಟದ ಮಹಿಮೆಗೆ ಯಾವ ಕುಂದೂ ಬಂದಿಲ್ಲ.

ಮಳೆದೇವರು ಕೊಡುವವನು ಮಾತ್ರವಲ್ಲ. 1923ರ ಸೆಪ್ಟೆಂಬರ್ 1ರ ಮಹಾ ಕಾಂತೋ ಭೂಕಂಪದಲ್ಲಿ ತಂಜಾವಾದ ಇಳಿಜಾರುಗಳು ಬಿರಿದು ಸಡಿಲವಾದವು. ಎರಡು ವಾರಗಳ ಮೇಲೆ, ಸೆಪ್ಟೆಂಬರ್ 15ರಂದು, ಜೋರು ಮಳೆಗೆ ಆ ಮಣ್ಣು ಕಲ್ಲು ಮರ ಎಲ್ಲವೂ ಓಯಾಮಾದ ಬುಡದ ಊರಿನ ಮೇಲೆ ನುಗ್ಗಿ ನೂರಕ್ಕೂ ಹೆಚ್ಚು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಶತಮಾನಗಳಿಂದ ಯಾವ ಮಳೆಗಾಗಿ ಬೇಡಿದ್ದರೋ ಅದೇ ಮಳೆ ಯಾತ್ರಿಕರ ಬೀದಿಯನ್ನು ಕೆಡವಿತು. ನಮಗೆಲ್ಲ ಪ್ರಿಯವಾದ ‘ತಾಯಿ ಪ್ರಕೃತಿ’ಯ ಕಲ್ಪನೆ ಇಂಥ ಘಟನೆಯ ಮುಂದೆ ಮಾತು ಕಳೆದುಕೊಳ್ಳುತ್ತದೆ. ಋಣದ ಕಲ್ಪನೆಗೆ ಆ ಕಷ್ಟವಿಲ್ಲ: ಋಣವಿರುವುದು ಪ್ರೀತಿಸುವವರ ಜೊತೆ ಮಾತ್ರವಲ್ಲ, ಭಯ ಹುಟ್ಟಿಸುವವರ ಜೊತೆಗೂ ಇರುತ್ತದೆ. ಊರಿನವರು ಮನೆಗಳನ್ನು ಮತ್ತೆ ಕಟ್ಟಿದರು, ಯಾತ್ರೆ ಮತ್ತೆ ನಡೆಯಿತು, 1931ರಲ್ಲಿ ಕೇಬಲ್ ಕಾರೂ ಬಂತು.

ಈಗ ಇಂದಿನ ಚಾರಣಿಗನ ವಿಷಯ. ಬಸ್ಸು ಇಳಿದರೆ ಅಂಗಡಿಗಳ ನಡುವಿನ 362 ಮೆಟ್ಟಿಲುಗಳ ಬೀದಿ. ಓಯಾಮಾದ ಮರದ ಬುಗುರಿ ಪ್ರಸಿದ್ಧವಾದದ್ದರಿಂದ ಮೆಟ್ಟಿಲುಗಳ ನಡುವಿನ ತಂಗುಜಾಗದ ಹಾಸಿನಲ್ಲೂ ಬುಗುರಿಯ ಚಿತ್ರಗಳಿವೆ. ಮುಂದೆ ಕೇಬಲ್ ಕಾರು ಹತ್ತಬಹುದು. ಇಲ್ಲವೇ ಕಡಿದಾದ ಗಂಡುದಾರಿಯಲ್ಲೋ, ಫುದೋ ಮಂದಿರದ ಮುಂದೆ ಹಾಯುವ ಹೆಣ್ಣುದಾರಿಯಲ್ಲೋ ನಡೆಯಬಹುದು. ಸುಮಾರು 700 ಮೀಟರ್ ಎತ್ತರದ ಕೆಳದೇವಾಲಯದಿಂದ ಸಗಾಮಿ ಕೊಲ್ಲಿಯವರೆಗೆ ನೋಟ ಹರಿಯುತ್ತದೆ. ಅಲ್ಲಿಂದ ಬಾಗಿಲು ದಾಟಿದರೆ ನೇರ ಏರುವ ಕಲ್ಲುಮೆಟ್ಟಿಲು, ಆಮೇಲೆ ಬೇರು ಬಂಡೆಗಳ ದಾರಿ. ದಾರಿಯುದ್ದಕ್ಕೂ ದೂರ ಸೂಚಿಸುವ ಕಲ್ಲುಗಳು ನೆಟ್ಟಿವೆ. 28ನೆಯ ಕಲ್ಲು ನೆತ್ತಿಯಲ್ಲಿದೆ. ಜಪಾನ್ ಸರ್ಕಾರ 2016ರಲ್ಲಿ ಓಯಾಮಾ ಯಾತ್ರೆಯನ್ನು ದೇಶದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ಜನ ಬರುತ್ತಾರೆ, ಮಧ್ಯಾಹ್ನದ ಬುತ್ತಿ ಬಿಚ್ಚುತ್ತಾರೆ, ಫುಜಿ ಕಂಡರೆ ಫೋಟೊ ತೆಗೆಯುತ್ತಾರೆ, ಇಳಿಯುತ್ತಾರೆ. ಇವರಿಗೆ ಬೆಟ್ಟದ ಯಾವ ಋಣ, ನಿಮ್ಮ ವಾದ ಇಲ್ಲಿಗೆ ಮುಗಿಯಿತಲ್ಲ ಎಂದು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ನಲ್ಲಿ ತಿರುಗಿಸಿದರೆ ನೀರು ಬರುವವನಿಗೆ ಬಿದಿರಿನ ಕೊಳವೆ ಹೊರುವ ಹಂಗಿಲ್ಲ. ಬೆಟ್ಟವನ್ನು ವ್ಯಾಯಾಮಕ್ಕೂ ಮನಸ್ಸಿನ ಹಗುರಕ್ಕೂ ಮಾತ್ರ ಬಳಸುವ ಚಾರಣ ಹಳೆಯ ಯಾತ್ರೆಯ ಪೂರ್ತಿ ವಾರಸುದಾರನಲ್ಲ ಎಂದೇ ನನ್ನ ಅಭಿಪ್ರಾಯ. ಕಾಡಿನಲ್ಲಿ ನಿಂತು ಎಷ್ಟೇ ಪುಳಕಗೊಂಡರೂ ಅಷ್ಟರಿಂದ ಕಾಡಿಗೆ ಏನೂ ಸಲ್ಲುವುದಿಲ್ಲ.

ಆದರೆ ವಾರಸುದಾರರನ್ನು ಇನ್ನೊಂದು ಕಡೆ ಹುಡುಕಬಹುದು. 20ನೇ ಶತಮಾನದ ಕೊನೆಯ ದಶಕಗಳಲ್ಲಿ ತಂಜಾವಾದ ಎತ್ತರದ ಬೀಚ್ ಮರಗಳು ಒಣಗತೊಡಗಿದವು. ನಗರಗಳ ಕಡೆಯಿಂದ ಬರುವ ಓಜೋನ್ ಮಾಲಿನ್ಯ, ಎಲೆ ತಿನ್ನುವ ಹುಳುಗಳ ಹಾವಳಿ, ನೀರಿನ ಒತ್ತಡ ಇವೆಲ್ಲ ಸೇರಿದ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಜಿಂಕೆಗಳು ಹೆಚ್ಚಿ ನೆಲದ ಗಿಡಗಳನ್ನು ಮೇಯ್ದು ಮಣ್ಣು ಬರಿದಾಗಿ ಮಳೆಗೆ ಕೊಚ್ಚಿಹೋಗತೊಡಗಿತು. ನೀರು ಹಿಡಿದಿಡುವ ಕಾಡೇ ಸೋರಿಹೋದರೆ ಕೆಳಗಿನ ನಗರಗಳಿಗೆ ಕೇಡು ಎಂದು ಮನಗಂಡ ಕನಗಾವಾ ಪ್ರಾಂತ್ಯ, 2007ರಿಂದ ತನ್ನ ನಿವಾಸಿಗಳ ಮೇಲೆ ಜಲಮೂಲ ರಕ್ಷಣೆಗೆಂದೇ ಹೆಚ್ಚುವರಿ ತೆರಿಗೆ ಹಾಕಿತು: ತಲೆಗೆ ವರ್ಷಕ್ಕೆ 300 ಯೆನ್, ಜೊತೆಗೆ ವರಮಾನದ ಮೇಲೆ ಶೇಕಡಾ 0.025. ಆ ಹಣದಲ್ಲಿ ಕಾಡಿನ ಆರೈಕೆ, ಮಣ್ಣು ಕಾಯುವ ಕೆಲಸ, ಜಿಂಕೆಗಳ ಹತೋಟಿ ನಡೆಯುತ್ತದೆ. ಇದು ಆಡಳಿತದ ಲೆಕ್ಕಾಚಾರ, ಇದರಲ್ಲಿ ದೇವರೆಲ್ಲಿ ಎಂದು ಭಕ್ತರು ಕೇಳಿಯಾರು. ಯೊಕೊಹಾಮಾದ ಹದಿನೈದನೆಯ ಮಹಡಿಯಲ್ಲಿ ಕೂತು ಈ ತೆರಿಗೆ ಕಟ್ಟುವವನಿಗೆ ಬೆಟ್ಟದ ನೆನಪೂ ಇರಲಿಕ್ಕಿಲ್ಲ ಎಂಬುದೂ ಸರಿ. ಆದರೂ ಈ ಕಟ್ಟಳೆ ಹಳೆಯ ಭಕ್ತಕೂಟದ್ದೇ: ಕೆಳಗೆ ನೀರು ಕುಡಿಯುವವರೆಲ್ಲ ಸ್ವಲ್ಪಸ್ವಲ್ಪ ಹಾಕಬೇಕು, ತಮ್ಮ ಪರವಾಗಿ ಕೆಲವರನ್ನು ಮೇಲೆ ಕಳಿಸಬೇಕು. ಕೂಟದಲ್ಲಿದ್ದು ತೆರಿಗೆಯಲ್ಲಿ ಇಲ್ಲದ್ದು ಒಂದೇ, ಕೊಟ್ಟವನು ತನ್ನ ಪಾಳಿ ಬಂದಾಗ ತಾನೇ ಹತ್ತಿ ಕಣ್ಣಾರೆ ನೋಡುವುದು. ಆ ಕೊರತೆಯನ್ನು ಚಾರಣ ತುಂಬಬಲ್ಲದು. ತೆರಿಗೆ ಕಟ್ಟುವವನು ಚಾರಣಿಗನೂ ಆದಾಗ, 28ನೆಯ ಕಲ್ಲಿನ ಬಳಿ ನಿಂತವನಿಗೆ ತಾನು ಕುಡಿಯುವ ನೀರು ಇಂಥ ಕಾಡಿನಿಂದಲೇ ಇಳಿದು ಬರುತ್ತದೆಂಬುದು ಗೊತ್ತಿದ್ದಾಗ, ಯಾತ್ರೆಯ ಎರಡು ತುಂಡುಗಳು ಮತ್ತೆ ಕೂಡುತ್ತವೆ. ಕನಗಾವಾದ ಈ ಯೋಜನೆಯನ್ನು ರೂಪಿಸಿದ್ದು 20 ವರ್ಷಗಳ ಅವಧಿಗೆ, ಅದು 2026ನೇ ಆರ್ಥಿಕ ವರ್ಷಕ್ಕೆ ತುಂಬುತ್ತದೆ. ಬೀಚ್ ಮರ ನೆಟ್ಟು ನೆತ್ತಿಯ ಮಂಜನ್ನು ಹಿಡಿಯುವಷ್ಟು ದೊಡ್ಡದಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು. ಆದ್ದರಿಂದ ಈ ತೆರಿಗೆಗೆ ಕೊನೆಯ ದಿನಾಂಕ ಇರಬಾರದು ಎಂಬುದು ಓಯಾಮಾದ ಇತಿಹಾಸವನ್ನು ಓದಿದ ನನ್ನ ಖಚಿತವಾದ ನಿಲುವು.